ಎರಡೂವರೆ ಚದರದ ಕೋಣೆ

ಶನಿವಾರ, ಬೆಳಿಗ್ಗೆ 7:10

ತಮ್ಮ (ಅಟ್ಲಾಂಟಾ): ಎಲ್ಲರಿಗೂ ನಮಸ್ಕಾರ. ಮೇಲೆ ಹಾಕಿರುವ ವಿಡಿಯೊ ಫ್ಲಾರಿಡಾದ ಒರ್ಲ್ಯಾಂಡೊ ಬಳಿ, ಡಿಸ್ನಿ ವರ್ಲ್ಡ್ ಮನರಂಜನಾ ಉದ್ಯಾನಗಳ ಆವರಣದಲ್ಲಿರುವ ರಿವಿಯೆರಾ ರೆಸಾರ್ಟಿನ ‘ಟವರ್ ಸ್ಟುಡಿಯೊ’ ಎಂಬ ಕೋಣೆಯದು. ಜೂನ್ ತಿಂಗಳಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಐದು ರಾತ್ರಿ ಅವರಿಬ್ಬರಿಗೆ ಈ ಕೋಣೆ, ಅದೇ ರೆಸಾರ್ಟಿನ ದೊಡ್ಡ ಸ್ಟುಡಿಯೊ ನಮ್ಮ ಮೂವರಿಗೆ ಎಂದು ಯೋಚಿಸಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಡಿಸ್ನಿ ವೆಕೇಶನ್ ಕ್ಲಬ್ಬಿನ (ಹಣ ಕೊಟ್ಟು ಸೇರಿದವರಿಗೆ ಕೋಣೆ ಪಡೆಯಲು ಪ್ರತಿವರ್ಷ ಪಾಯಿಂಟುಗಳನ್ನು ಕೊಡುವ ಯೋಜನೆ) ಸದಸ್ಯರಾಗಿದ್ದು, ತಮ್ಮಲ್ಲಿ ಉಳಿದಿರುವ ಪಾಯಿಂಟುಗಳಿಂದ ಎರಡೂ ಕೋಣೆಗಳನ್ನು ಕೊಡಿಸುತ್ತೇನೆಂದಿದ್ದಾರೆ. ಆ ರೆಸಾರ್ಟಿನಲ್ಲಿ ಅತಿ ಕಡಿಮೆ ಪಾಯಿಂಟಿಗೆ ಸಿಗುವುದು ಈ ಟವರ್ ಸ್ಟುಡಿಯೊ. ಒಟ್ಟು 255 ಚದರ ಅಡಿ, ಇಬ್ಬರಿಗಷ್ಟೇ ಅವಕಾಶ. ಹಗಲು ಸೋಫಾ ಇರುತ್ತದೆ, ರಾತ್ರಿ ಅದರ ಮೇಲೆಯೇ ಗೋಡೆಯಿಂದ ಮಂಚ ಇಳಿಯುತ್ತದೆ. ಸೋಮವಾರದೊಳಗೆ ಅವರಿಗೆ ಉತ್ತರ ಹೇಳಬೇಕು. ವಿಡಿಯೊ ನೋಡಿ ನಿಮ್ಮ ಅಭಿಪ್ರಾಯ ತಿಳಿಸಿ.

ರಾಜಾಜಿನಗರದ ಭಾವ: ನೋಡಿದೆ. ಕೋಣೆ ಅಂದವಾಗಿದೆ, ಆದರೆ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ನಾವು ಹೋದಾಗ ಅಲ್ಲಿಯ ಪಾಪ್ ಸೆಂಚುರಿ ಹೋಟೆಲಿನಲ್ಲಿ ಇಳಿದಿದ್ದೆವು. ಅದು ಅವರ ಅಗ್ಗದ ದರ್ಜೆಯದು. ಕೋಣೆ 260 ಚದರ ಅಡಿ, ಅದರಲ್ಲಿ ನಾವು ನಾಲ್ವರು ಇದ್ದೆವು. ಒಂದು ಮಂಚ ಸದಾ ಹಾಸಿಯೇ ಇರುತ್ತದೆ. ಊಟದ ಮೇಜನ್ನು ಮಡಚಿದರೆ ಅದರ ಜಾಗಕ್ಕೆ ಗೋಡೆಯಿಂದ ಎರಡನೆಯ ಮಂಚ ಬರುತ್ತದೆ. ರಿವಿಯೆರಾದಂತಹ ದುಬಾರಿ ದರ್ಜೆಯ ರೆಸಾರ್ಟಿನಲ್ಲಿ ಅದಕ್ಕಿಂತಲೂ ಐದು ಚದರ ಅಡಿ ಕಡಿಮೆ ಇರುವ ಕೋಣೆಯನ್ನು ಇಬ್ಬರಿಗೆ ಕೊಡುತ್ತಾರೆಂದರೆ, ನಾವು ಕೊಡುವ ಬೆಲೆ ಕೋಣೆಗಲ್ಲ, ವಿಳಾಸಕ್ಕೆ ಎಂದಾಯಿತು.

ಮಲ್ಲೇಶ್ವರದ ಚಿಕ್ಕಪ್ಪ: ಅಂಕಿಯನ್ನು ನೋಡಿ ಗಾಬರಿಯಾಗುವುದು ಬೇಡ. ಹದಿನೈದು ಅಡಿ ಅಗಲ, ಹದಿನೇಳು ಅಡಿ ಉದ್ದ ಎಂದು ಹಿಡಿದರೆ ಸರಿಯಾಗಿ 255 ಆಗುತ್ತದೆ. ನೂರು ಚದರ ಅಡಿಯನ್ನು ಒಂದು ಚದರ ಎನ್ನುವ ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಎರಡೂವರೆ ಚದರ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್ ಇದ್ದರೆ ಸಾಕು ಎಂದಿದೆ, ಅಂದರೆ ನೂರೆರಡು ಚದರ ಅಡಿ. ಇದು ಬಚ್ಚಲುಮನೆಯನ್ನೂ ಸೇರಿಸಿಕೊಂಡು ಅದರ ಎರಡು ಪಟ್ಟಿಗಿಂತ ಹೆಚ್ಚು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಒಂದೊಂದು ಮಹಡಿಯಲ್ಲಿ ಎರಡು ಬಾಡಿಗೆ ಮನೆ ಮಾಡುವ ಈ ಊರಿನಲ್ಲಿ ಕುಳಿತು ಇಬ್ಬರಿಗೆ ಎರಡೂವರೆ ಚದರ ಸಾಲದು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಜಯನಗರದ ಅತ್ತೆ: ಚಿಕ್ಕಪ್ಪ ಹೇಳಿದ್ದು ಸರಿ. ಚಾಮರಾಜಪೇಟೆಯ ವಠಾರದಲ್ಲಿ ನಾವು ಎಂಟು ಜನ ಎರಡು ಕೋಣೆಗಳಲ್ಲಿ ಇದ್ದೆವು. ನಲ್ಲಿ ಹೊರಗೆ, ಬಚ್ಚಲು ಹೊರಗೆ, ಅದೂ ಐದು ಸಂಸಾರಗಳಿಗೆ ಒಂದೇ. ನಿಮ್ಮಪ್ಪ ಅದೇ ಮನೆಯ ಕಿಟಕಿಯ ಕಟ್ಟೆಯ ಮೇಲೆ ಕುಳಿತು ಓದಿ ಪರೀಕ್ಷೆಯಲ್ಲಿ ಮೊದಲನೆಯ ದರ್ಜೆ ಪಡೆದವನು. ಐದು ರಾತ್ರಿಗೆ ಅವನಿಗೆ ಈ ಕೋಣೆ ಧಾರಾಳವಾಗಿ ಸಾಕು. ಮಗ ಪ್ರೀತಿಯಿಂದ ಕರೆಯುತ್ತಿದ್ದಾನೆ, ಹೋಗಿ ಬರಲಿ.

ಶನಿವಾರ, ಬೆಳಿಗ್ಗೆ 9:25

ನಾನು: ವಿಡಿಯೊವನ್ನು ಮೂರು ಸಲ ನೋಡಿ ಬರೆಯುತ್ತಿದ್ದೇನೆ. ಭಾವ ಹೇಳುವ ದುಡ್ಡಿನ ಲೆಕ್ಕ ನನ್ನ ಆಕ್ಷೇಪವಲ್ಲ, ಅಡಿಗಳ ಲೆಕ್ಕವೂ ಅಲ್ಲ. ವಿಡಿಯೊದ ಮಧ್ಯಭಾಗವನ್ನು ಇನ್ನೊಮ್ಮೆ ಗಮನಿಸಿ. ಮಂಚ ಇಳಿಯುವಾಗ ಸೋಫಾ ಅದರ ಅಡಿಗೆ ಹೋಗುತ್ತದೆ. ಅಂದರೆ ಆ ಕೋಣೆಯಲ್ಲಿ ಒಬ್ಬರು ಮಲಗಿದ ಕ್ಷಣದಿಂದ ಇನ್ನೊಬ್ಬರಿಗೆ ಒರಗಿ ಕುಳಿತುಕೊಳ್ಳುವ ಜಾಗ ಇಲ್ಲ. ಒಟ್ಟಿಗೆ ಮಲಗಿ ಒಟ್ಟಿಗೆ ಏಳುವ ಗಂಡ ಹೆಂಡತಿಗೆ ಇದರಿಂದ ತೊಂದರೆಯಿಲ್ಲ. ನಮ್ಮ ಅಪ್ಪ ಅಮ್ಮ ಹಾಗಲ್ಲ ಎಂಬುದು ಅವರ ಜೊತೆಯಲ್ಲೇ ಇರುವ ನನಗೆ ಗೊತ್ತು. ಅಮ್ಮ ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಗಂಟೆ ಮಲಗದಿದ್ದರೆ ಸಂಜೆಯ ಹೊತ್ತಿಗೆ ತಲೆಸುತ್ತು ಬರುತ್ತದೆ. ಅಪ್ಪ ಹಗಲು ಮಲಗಿದರೆ ರಾತ್ರಿ ನಿದ್ದೆಯಿಲ್ಲ, ಆ ಹೊತ್ತಿನಲ್ಲಿ ಅವರು ಕಾಲು ನೀಡಿ ಕುಳಿತು ಓದುತ್ತಾರೆ.

ಚಿಕ್ಕಪ್ಪ, ಎಪ್ಪತ್ತನಾಲ್ಕರ ಮಂಡಿಗೆ ಯಾವ ಸಂಹಿತೆಯಲ್ಲೂ ಅಳತೆ ಬರೆದಿಲ್ಲ. ಎರಡು ವರ್ಷದ ಹಿಂದೆ ನಾವು ಮಕ್ಕಳನ್ನು ಕರೆದುಕೊಂಡು ಒಂದು ಮನರಂಜನಾ ಉದ್ಯಾನದ ಆವರಣದಲ್ಲಿದ್ದ ವಸತಿಗೃಹಕ್ಕೆ ಹೋದದ್ದು ಎಲ್ಲರಿಗೂ ನೆನಪಿರಬಹುದು. ಅಲ್ಲಿ ಆದದ್ದನ್ನು ಮಾತ್ರ ನಾನು ಈ ಗುಂಪಿನಲ್ಲಿ ಹೇಳಿರಲಿಲ್ಲ. ಚಿತ್ರದಲ್ಲಿ ವಿಶಾಲವಾಗಿ ಕಂಡ ಕೋಣೆಗೆ ಕಾಲಿಟ್ಟರೆ ಮಂಚದ ಸುತ್ತ ಒಬ್ಬರು ಅಡ್ಡಡ್ಡವಾಗಿ ನಡೆಯುವಷ್ಟೇ ಜಾಗ ಇತ್ತು. ಹೆಚ್ಚುವರಿ ಹಾಸಿಗೆಯನ್ನು ನೆಲಕ್ಕೆ ಹಾಕಿದ ಮೇಲೆ ಬಚ್ಚಲಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಅಪ್ಪ ಎದ್ದು, ಮಕ್ಕಳ ನಿದ್ದೆ ಕೆಡಬಾರದೆಂದು ದೀಪ ಹಾಕದೆ ಹೊರಟು, ಸೂಟ್‌ಕೇಸಿಗೆ ಕಾಲು ತಗುಲಿ ಬಿದ್ದರು. ಮಂಡಿ ಊದಿಕೊಂಡು ಮರುದಿನವೆಲ್ಲ ಅವರು ಆ ಕೋಣೆಯಲ್ಲೇ ಉಳಿದರು. ನಾವು ನೀರಿನಾಟ ಮುಗಿಸಿ ಬಂದಾಗ ಅವರು ಮಂಚದ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು, ಏಕೆಂದರೆ ಬೇರೆ ದಿಕ್ಕಿಗೆ ಕಾಲು ಚಾಚಲು ಆಗುತ್ತಿರಲಿಲ್ಲ. ಹೇಳಬೇಡ ಎಂದು ಅವರೇ ಅಂದದ್ದರಿಂದ ಇಷ್ಟು ದಿನ ಸುಮ್ಮನಿದ್ದೆ. ಈಗ ಹೇಳದಿದ್ದರೆ ತಪ್ಪಾಗುತ್ತದೆ.

ಶನಿವಾರ, ಸಂಜೆ 5:40

ತಮ್ಮ (ಅಟ್ಲಾಂಟಾ): ಅಕ್ಕ, ಈಗ ಎದ್ದು ಎಲ್ಲವನ್ನೂ ಓದಿದೆ. ಅಪ್ಪ ಬಿದ್ದ ವಿಷಯ ನನಗೆ ಈವರೆಗೆ ಗೊತ್ತಿರಲಿಲ್ಲ, ನೋವಾಯಿತು. ಆದರೆ ಚಿಕ್ಕ ಕೋಣೆಯನ್ನು ಅವರಿಗೆ ತಳ್ಳಿ ದೊಡ್ಡದನ್ನು ನಾನು ಇಟ್ಟುಕೊಂಡೆ ಎಂಬ ಅರ್ಥ ನಿನ್ನ ಮಾತಿನಿಂದ ಬರುತ್ತದೆ. ಅದು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಆ ಕೋಣೆಯಲ್ಲಿ ಮೂವರನ್ನು ಬಿಡುವುದೇ ಇಲ್ಲ, ಅವರು ಇಬ್ಬರು, ಆದ್ದರಿಂದ ಹಾಗೆ ಹಂಚಿದೆ. ರಿವಿಯೆರಾವನ್ನೇ ಆರಿಸಿದ್ದಕ್ಕೆ ಕಾರಣವೂ ಅವರೇ. ಡಿಸ್ನಿ ವರ್ಲ್ಡ್ ಇರುವುದು ಇಪ್ಪತ್ತೈದು ಸಾವಿರ ಎಕರೆಯಲ್ಲಿ. ಅಪ್ಪ ದಿನವೂ ನಡೆಯಲು ಹೋಗುವ ಲಾಲ್‌ಬಾಗಿನಂತಹ ನೂರು ಲಾಲ್‌ಬಾಗ್‌ಗಳು ಅದರಲ್ಲಿ ಹಿಡಿಯುತ್ತವೆ. ನಾಲ್ಕು ಉದ್ಯಾನಗಳು ಒಂದರಿಂದೊಂದು ಬಹಳ ದೂರ. ರಿವಿಯೆರಾ ಬಾಗಿಲಲ್ಲೇ ಸ್ಕೈಲೈನರ್ ಎಂಬ, ತಂತಿಯ ಮೇಲೆ ಸಾಗುವ ತೂಗುತೊಟ್ಟಿಲ ನಿಲ್ದಾಣವಿದೆ. ಅದರಲ್ಲಿ ಕುಳಿತರೆ ನೇರವಾಗಿ ಎಪ್ಕಾಟ್ ಉದ್ಯಾನ, ನಡುವೆ ಒಮ್ಮೆ ಬದಲಿಸಿದರೆ ಹಾಲಿವುಡ್ ಸ್ಟುಡಿಯೋಸ್. ಈ ಎರಡಕ್ಕೆ ಬಸ್ಸು ಹತ್ತಿ ಇಳಿಯುವ ಕೆಲಸವಿಲ್ಲ. ಡಿಸ್ನಿಯ ಹೋಟೆಲಿನಲ್ಲಿ ಇಳಿದವರನ್ನು ಉದ್ಯಾನದೊಳಕ್ಕೆ ಅರ್ಧ ಗಂಟೆ ಮೊದಲೇ ಬಿಡುತ್ತಾರೆ, ಬಿಸಿಲು ಏರುವ ಮುನ್ನ ಸ್ವಲ್ಪ ನೋಡಬಹುದು. ಇಷ್ಟೆಲ್ಲ ಇರುವಾಗ ಕೋಣೆಯಲ್ಲಿ ಕುಳಿತಿರುವವರು ಯಾರು? ರಾತ್ರಿ ಬಂದು ಮಲಗುವುದಷ್ಟೇ ಅಲ್ಲವೇ?

ನಾನು: ನಿನ್ನ ಮನಸ್ಸಿನ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ‘ರಾತ್ರಿ ಬಂದು ಮಲಗುವುದಷ್ಟೇ’ ಎಂಬ ಮಾತು ಮೂವತ್ತೆಂಟು ವರ್ಷದ ನಿನಗೆ ಹೊಂದುತ್ತದೆ. ಜೂನ್ ತಿಂಗಳಲ್ಲಿ ಫ್ಲಾರಿಡಾದ ಮಧ್ಯಾಹ್ನ ಹೇಗಿರುತ್ತದೆ ಎಂಬುದನ್ನು ಹೋಗಿ ಬಂದ ಭಾವ ಹೇಳಲಿ.

ಇನ್ನೊಂದು ವಿಷಯ. ನಮಗೂ ಅಲ್ಲಿಗೂ ಆ ತಿಂಗಳಲ್ಲಿ ಒಂಬತ್ತೂವರೆ ಗಂಟೆಯ ವ್ಯತ್ಯಾಸ. ವಿಮಾನ ಇಳಿದ ಮೂರನೆಯ ದಿನವೇ ನೀನು ಒರ್ಲ್ಯಾಂಡೊಗೆ ಹೊರಡಿಸುತ್ತಿದ್ದೀಯ. ಅಲ್ಲಿ ರಾತ್ರಿ ಎರಡಾದಾಗ ಅಪ್ಪನ ದೇಹಕ್ಕೆ ಅದು ಬೆಳಿಗ್ಗೆ ಹನ್ನೊಂದೂವರೆ. ಎಚ್ಚರವಾದ ಮನುಷ್ಯ ಎಲ್ಲಿ ಕುಳಿತುಕೊಳ್ಳಬೇಕು? ಸೋಫಾ ಮಂಚದ ಅಡಿಯಲ್ಲಿರುತ್ತದೆ, ಮಂಚದಲ್ಲಿ ಅಮ್ಮ ಮಲಗಿರುತ್ತಾಳೆ.

ರಾಜಾಜಿನಗರದ ಭಾವ: ನಾವು ಹೋದದ್ದೂ ಜೂನ್‌ನಲ್ಲೇ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು, ಮಧ್ಯಾಹ್ನವಾದರೆ ಗುಡುಗು ಮಿಂಚಿನ ಮಳೆ. ಪ್ರತಿದಿನವೂ ಬಾರದಿದ್ದರೂ ಬಹುತೇಕ ದಿನ ಬಂದಿತು. ಮಿಂಚು ಹತ್ತಿರ ಬಂದರೆ ಹೊರಗಿನ ಆಟಗಳನ್ನು ನಿಲ್ಲಿಸುತ್ತಾರೆ, ಆ ಸ್ಕೈಲೈನರನ್ನೂ ನಿಲ್ಲಿಸುತ್ತಾರೆ. ನಮ್ಮ ಹೋಟೆಲಿಗೂ ಅದೇ ತೊಟ್ಟಿಲ ಸಂಪರ್ಕ ಇದ್ದುದರಿಂದ ಇದನ್ನು ಕಣ್ಣಾರೆ ಕಂಡಿದ್ದೇನೆ. ಚಿಕ್ಕ ಮಕ್ಕಳಿರುವವರು, ವಯಸ್ಸಾದವರು ಮಧ್ಯಾಹ್ನ ಹನ್ನೆರಡಕ್ಕೆ ಕೋಣೆಗೆ ಹಿಂದಿರುಗಿ, ಐದರ ಮೇಲೆ ಮತ್ತೆ ಹೊರಡುವುದು ಅಲ್ಲಿ ವಾಡಿಕೆ. ನಾವೂ ಹಾಗೆಯೇ ಮಾಡಿದೆವು. ಹಗಲಿನ ಆ ನಾಲ್ಕೈದು ಗಂಟೆ ಕೋಣೆಯಲ್ಲೇ ಕಳೆಯುತ್ತದೆ. ನಮಗೆ ಅಷ್ಟು ಚಿಕ್ಕ ಕೋಣೆಯಲ್ಲಿ ಉಸಿರು ಕಟ್ಟದೆ ಇದ್ದದ್ದು ಒಂದು ಮಂಚ ಸದಾ ಹಾಸಿದ್ದರಿಂದ ಎಂದು ಈಗ ಅನ್ನಿಸುತ್ತಿದೆ. ಹೆಂಡತಿ ಮಲಗಿದ್ದಾಗ ನಾನು ಮೇಜಿನ ಬಳಿ ಕುಳಿತಿರುತ್ತಿದ್ದೆ.

ಭಾನುವಾರ, ಬೆಳಿಗ್ಗೆ 6:50

ಮಲ್ಲೇಶ್ವರದ ಚಿಕ್ಕಪ್ಪ: ರಾತ್ರಿ ಕಾಗದದ ಮೇಲೆ ಎಳೆದು ನೋಡಿದೆ. ಅಮೆರಿಕದ ಕ್ವೀನ್ ಮಂಚ ಐದು ಅಡಿ ಅಗಲ, ಆರು ಅಡಿ ಎಂಟು ಅಂಗುಲ ಉದ್ದ, ಅಂದರೆ ಮೂವತ್ತಮೂರು ಚದರ ಅಡಿ. ಅದು ಗೋಡೆಯೊಳಗೆ ಇರುವಾಗ ಕೋಣೆ ಓಡಾಡುವಷ್ಟಿದೆ. ಬಿದ್ದ ಕೂಡಲೇ ನಡುವಿನ ಜಾಗವನ್ನೇ ತಿಂದುಹಾಕುತ್ತದೆ, ಎರಡು ದೊಡ್ಡ ಸೂಟ್‌ಕೇಸುಗಳನ್ನು ತೆರೆದಿಡಲು ಉಳಿಯುವುದು ಓಡಾಡುವ ದಾರಿಯೊಂದೇ. ನಿನ್ನೆ ನಾನು ಬರಿಯ ವಿಸ್ತೀರ್ಣ ಹೇಳಿದೆ. ಅದರ ಬಳಕೆಯನ್ನು ಯೋಚಿಸಲಿಲ್ಲ. ಅಕ್ಕಪಕ್ಕದ ಮನೆಯವರಿಗೆ ನಕ್ಷೆ ಮಾಡಿಕೊಡುವಾಗ ಹಿರಿಯರ ಕೋಣೆಯಿಂದ ಬಚ್ಚಲಿಗೆ ಅಡ್ಡಿಯಿಲ್ಲದ ದಾರಿ ಇರಬೇಕೆಂದು ಹಟ ಹಿಡಿಯುವ ನಾನು, ನಮ್ಮಣ್ಣನ ವಿಷಯದಲ್ಲಿ ಮರೆತೆ. ಈ ಮಾತಿನಲ್ಲಿ ಮಗಳು ಹೇಳುವುದು ಸರಿ.

ಜಯನಗರದ ಅತ್ತೆ: ಎಲ್ಲರೂ ಹೀಗೆ ಹೇಳಿದರೆ ಹುಡುಗನ ಮನಸ್ಸು ಮುರಿಯುತ್ತದೆ. ವಠಾರದಲ್ಲಿ ನಾವು ಬದುಕಲಿಲ್ಲವೇ?

ನಾನು: ಅತ್ತೆ, ವಠಾರದ ಮನೆ ಬಾಗಿಲಿನ ಹೊರಗೂ ಇತ್ತು ಎಂದು ನೀವೇ ಎಷ್ಟೋ ಸಲ ಹೇಳಿದ್ದೀರಿ. ಜಗಲಿ ಇತ್ತು, ಅಂಗಳವಿತ್ತು, ಎದುರು ಮನೆಯವರ ಹಜಾರವೂ ನಿಮ್ಮದೇ ಆಗಿತ್ತು. ನಿದ್ದೆ ಬಾರದ ತಾತ ರಾತ್ರಿ ಜಗಲಿಯ ಮೇಲೆ ಕುಳಿತಿರುತ್ತಿದ್ದರಂತೆ. ಹೋಟೆಲಿನ ಓಣಿಯಲ್ಲಿ ರಾತ್ರಿ ಎರಡು ಗಂಟೆಗೆ ಅಪ್ಪ ಎಲ್ಲಿ ಕುಳಿತುಕೊಳ್ಳಬೇಕು? ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಊರಿನಿಂದ ಮುತ್ತಾತ ಬಂದಾಗ ಆ ಎರಡು ಕೋಣೆಗಳಲ್ಲಿ ಅವರನ್ನು ಎಲ್ಲಿ ಮಲಗಿಸುತ್ತಿದ್ದಿರಿ?

ಜಯನಗರದ ಅತ್ತೆ: ಮನೆಯಲ್ಲಿದ್ದ ಒಂದೇ ಮಂಚದಲ್ಲಿ. ಅದು ನಡುಮನೆಯಲ್ಲಿತ್ತು. ಅವರು ಬಂದ ದಿನ ಅಪ್ಪ ಅಮ್ಮ ಅಡುಗೆಮನೆಗೆ ಚಾಪೆ ಹಾಸಿಕೊಳ್ಳುತ್ತಿದ್ದರು, ನಾವು ಮಕ್ಕಳು ಮುತ್ತಾತನ ಮಂಚದ ಸುತ್ತ ನೆಲದ ಮೇಲೆ ಮಲಗುತ್ತಿದ್ದೆವು. ಅವರು ಕಥೆ ಹೇಳುತ್ತಿದ್ದರು. ಮಂಚ ಅವರಿಗೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಭಾನುವಾರ, ಬೆಳಿಗ್ಗೆ 8:15

ತಮ್ಮ (ಅಟ್ಲಾಂಟಾ): ಅತ್ತೆಯ ಮಾತು ಓದಿ ಹೆಂಡತಿಯೊಡನೆ ಕುಳಿತು ಮಾತಾಡಿದೆ. ದೊಡ್ಡ ಸ್ಟುಡಿಯೊದಲ್ಲಿ ಐದು ಜನರಿಗೆ ಅವಕಾಶವಿದೆ. ಒಂದು ಕ್ವೀನ್ ಮಂಚ ಸದಾ ಹಾಸಿಯೇ ಇರುತ್ತದೆ, ಗೋಡೆಯಿಂದ ಇಳಿಯುವ ಇನ್ನೊಂದು ಮಂಚ, ಅದಲ್ಲದೆ ಒಬ್ಬರಿಗಾಗುವ ಚಿಕ್ಕ ಮಡಚು ಹಾಸಿಗೆಯೂ ಇದೆ. ಅಪ್ಪ ಅಮ್ಮನ ಜೊತೆ ನಮ್ಮ ಮಗ ಅಲ್ಲಿ ಇರಲಿ, ಆ ಟವರ್ ಸ್ಟುಡಿಯೊದಲ್ಲಿ ನಾವಿಬ್ಬರು ಇರುತ್ತೇವೆ. ಪಾಯಿಂಟುಗಳ ಲೆಕ್ಕದಲ್ಲಿ ಏನೂ ವ್ಯತ್ಯಾಸವಿಲ್ಲ, ಹೆಸರುಗಳನ್ನು ಅದಲು ಬದಲು ಮಾಡಿದರೆ ಸಾಕು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಮಗನಿಗೆ ಹೇಳಿದಾಗಿನಿಂದ ಅವನು ಅಜ್ಜಿಯ ಪಕ್ಕದ ಹಾಸಿಗೆ ತನ್ನದೆಂದು ಕುಣಿಯುತ್ತಿದ್ದಾನೆ. ಅಕ್ಕ, ಈಗ ನಿನಗೆ ಸಮಾಧಾನವೇ?

ನಾನು: ಸಮಾಧಾನ. ಒಂದು ಕೋರಿಕೆ ಮಾತ್ರ ಇದೆ. ಒರ್ಲ್ಯಾಂಡೊ ಪ್ರಯಾಣವನ್ನು ಮೂರನೆಯ ದಿನದ ಬದಲು ಒಂದು ವಾರ ಕಳೆದ ಮೇಲೆ ಇಟ್ಟುಕೊಳ್ಳಲು ಸಾಧ್ಯವೇ ಎಂದು ಸಹೋದ್ಯೋಗಿಯನ್ನು ಕೇಳು.

ರಾಜಾಜಿನಗರದ ಭಾವ: ನನ್ನ ಆಕ್ಷೇಪ ಬೆಲೆಯ ಬಗ್ಗೆ ಹಾಗೆಯೇ ಇದೆ. ಆದರೆ ಪಾಯಿಂಟುಗಳು ಬೇರೆಯವರು ಕೊಡುತ್ತಿರುವುದರಿಂದ ಸುಮ್ಮನಾಗುತ್ತೇನೆ.

ಅಪ್ಪ: ಎಲ್ಲವನ್ನೂ ಓದಿದೆ. ಬಿದ್ದ ವಿಷಯವನ್ನು ಮಗಳು ಹೇಳಬಾರದಿತ್ತು ಎಂದು ಮೊದಲು ಅನ್ನಿಸಿತು, ಈಗ ಹಾಗೆ ಅನ್ನಿಸುತ್ತಿಲ್ಲ. ಮೊಮ್ಮಗ ನಮ್ಮ ಕೋಣೆಯಲ್ಲಿ ಇರುವುದಾದರೆ ಹೊರಗೆ ಮಳೆ ಬಂದರೂ ನನಗೆ ಚಿಂತೆಯಿಲ್ಲ. ಚದುರಂಗದ ಮಣೆಯನ್ನು ತರಲು ಅವನಿಗೆ ಹೇಳು.

ಅಮ್ಮ: ಆ ಕೋಣೆಯಲ್ಲಿ ನೀರು ಕಾಯಿಸಲು, ಅವಲಕ್ಕಿ ಒಗ್ಗರಣೆ ಮಾಡಲು ಏನಾದರೂ ಇದೆಯೇ ಎಂದು ವಿಚಾರಿಸು, ಮಗೂ.

ತಮ್ಮ (ಅಟ್ಲಾಂಟಾ): ಮೈಕ್ರೊವೇವ್ ಇದೆ, ಚಿಕ್ಕ ಫ್ರಿಜ್ ಇದೆ, ಒಲೆ ಇಲ್ಲ ಅಮ್ಮ. ಮೊಸರವಲಕ್ಕಿ ಮಾಡಿಕೊಳ್ಳಬಹುದು. ಇಂದು ರಾತ್ರಿಯೇ ಹೆಸರು ಬದಲಿಸಲು ಹೇಳುತ್ತೇನೆ, ಕಾಗದ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.