ಒಂದೇ ರೌಂಡಲ್ಲಿ ಐಡಿಪಿ ಸಂಖ್ಯೆ ಮೂರನೇ ಒಂದು ಭಾಗ ಇಳಿದಿದೆ, ಜನ ನಿಜವಾಗ್ಲೂ ವಾಪಸ್ ಹೋದ್ರಾ ಇಲ್ಲ ನನ್ ಕೋಡ್ ಎಡವಟ್ಟಾ?

ಕೋಷ್ಟಕಪುಟ್ಟ:
ನಮಸ್ಕಾರ ಎಲ್ರಿಗೂ. ಒಂದು ಪರಿಹಾರ ಸಂಸ್ಥೆಗೆ ದೂರದಿಂದಲೇ ಡೇಟಾ ಕೆಲ್ಸ ಮಾಡಿಕೊಡ್ತಿದೀನಿ, ಸ್ವಯಂಸೇವೆ. ಯಾವ ದೇಶ ಅಂತ ಹೇಳೋ ಹಾಗಿಲ್ಲ, ಕೇಳಬೇಡಿ. ಯುದ್ಧಕ್ಕೆ ಹೆದರಿ ಮನೆ ಬಿಟ್ಟು ಗಡಿ ದಾಟದೆ ದೇಶದೊಳಗೇ ಇನ್ನೊಂದು ಕಡೆ ಇರೋರು, ಅಂದ್ರೆ ಐಡಿಪಿಗಳು, ಯಾವ ಊರಲ್ಲಿ ಎಷ್ಟಿದಾರೆ ಅನ್ನೋ ಲೆಕ್ಕ ಎರಡು ತಿಂಗಳಿಗೊಂದು ರೌಂಡ್ ಬರತ್ತೆ, ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಐಓಎಂನೋರು ಊರು ಬಿಟ್ಟೋರ ಲೆಕ್ಕ ಇಡೋ ಡಿಟಿಎಂ ವ್ಯವಸ್ಥೆ ಇದ್ಯಲ್ಲ ಅದೇ ಮಾದರಿ. ಅದನ್ನ ತಗೊಂಡು ಜಿಲ್ಲಾವಾರು ಡ್ಯಾಶ್‌ಬೋರ್ಡ್ ಮಾಡೋದು ನನ್ ಪಾಲಿನ ಕೆಲ್ಸ.

ಈಗ ಸಮಸ್ಯೆ. ಒಂದು ಜಿಲ್ಲೇಲಿ 11ನೇ ರೌಂಡಲ್ಲಿ 62,400 ಜನ ಇದ್ರು, 12ನೇ ರೌಂಡಲ್ಲಿ 41,050. ಅಲ್ಲಿ ಗಲಾಟೆ ನಿಂತಿದೆ ಅನ್ನೋ ಸುದ್ದಿ ನಾನಂತೂ ಎಲ್ಲೂ ಓದಿಲ್ಲ. ಆದ್ರೆ ನಮ್ ಪ್ರೋಗ್ರಾಂ ಮ್ಯಾನೇಜರು ಗ್ರಾಫ್ ನೋಡಿದ್ದೇ ನೋಡಿದ್ದು, "ಜನ ವಾಪಸ್ ಹೋಗ್ತಿದಾರೆ, ಅಲ್ಲಿಗೆ ಅಂತ ಇಟ್ಟಿದ್ದ ಟಾರ್ಪಾಲ್ ಲೋಡ್ ಪಕ್ಕದ ಜಿಲ್ಲೆಗೆ ಹೋಗ್ಲಿ" ಅಂತಿದಾರೆ. ಗುರುವಾರದೊಳಗೆ ಹೌದು ಅಥವಾ ಇಲ್ಲ ಹೇಳ್ಬೇಕು. ಪ್ಯಾಂಡಾಸ್‌ನಲ್ಲಿ (ಪೈಥಾನ್ ಭಾಷೆಯಲ್ಲಿ ಕೋಷ್ಟಕದ ಕೆಲ್ಸಕ್ಕಿರೋ ಲೈಬ್ರರಿ) ಎರಡೂ ರೌಂಡ್ ಮರ್ಜ್ ಮಾಡಿ ಜಿಲ್ಲಾವಾರು ಗ್ರೂಪ್ ಮಾಡಿ ಸಮ್ ತಗೊಂಡಿದೀನಿ, ಅಷ್ಟೇ. ಎರರ್ ಏನೂ ಬರ್ತಿಲ್ಲ, ನಂಗೆ ಅದೇ ಭಯ. ಸ್ಕ್ರೀನ್‌ಶಾಟ್ ಹಾಕಿದೀನಿ ನೋಡಿ.

ನಿರ್ವಾಹಕಿ:
ಸ್ಕ್ರೀನ್‌ಶಾಟ್ ತೆಗೆದಿದೀನಿ, ಬೇಜಾರಾಗಬೇಡಿ. ಅದ್ರಲ್ಲಿ ಒಂದೊಂದು ಶಿಬಿರದ ಅಕ್ಷಾಂಶ ರೇಖಾಂಶ, ಪಕ್ಕದಲ್ಲಿ ಯಾವ ಸಮುದಾಯದೋರು ಅನ್ನೋ ಕಾಲಂ ಕೂಡ ಕಾಣ್ತಿತ್ತು. ದೇಶದ ಹೆಸರು ಮುಚ್ಚಿಟ್ಟು ಇದನ್ನ ಹಾಕಿದ್ರೆ ಏನು ಬಂತು? ಓಡಿ ಬಂದೋರು ಎಲ್ಲಿ ಮಲಗ್ತಾರೆ ಅಂತ ಓಡಿಸಿದೋರಿಗೆ ಹೇಳಿಕೊಟ್ಟ ಹಾಗಾಗತ್ತೆ. ಊರಿನ ಹೆಸರು, ಜಿಪಿಎಸ್ ಎರಡೂ ಅಳಿಸಿ ಬರೀ ಕಾಲಂ ಹೆಸರು ಮತ್ತು ಜಿಲ್ಲೆಯ ಮೊತ್ತ ಹಾಕಿ, ಸಹಾಯ ಮಾಡೋರಿಗೆ ಅಷ್ಟು ಸಾಕು.

ಕೋಷ್ಟಕಪುಟ್ಟ:
ಅಯ್ಯೋ, ಗಮನಿಸೇ ಇಲ್ಲ ಮೇಡಂ, ತಪ್ಪಾಯ್ತು. ತೆಗೆದಿದ್ದಕ್ಕೆ ಥ್ಯಾಂಕ್ಸ್.

ಶ್ರಾವಣಮೋಡ:
ನಿಮ್ ಹತ್ರ ಫ್ಲೋ ಮಾನಿಟರಿಂಗ್ ಡೇಟಾ ಏನಾದ್ರೂ ಇದ್ಯಾ? ಬಸ್ ನಿಲ್ದಾಣ, ಚೆಕ್‌ಪೋಸ್ಟ್ ಅಂತ ಕಡೆ ಕೂತು ಬರೋರು ಹೋಗೋರನ್ನ ಎಣಿಸ್ತಾರಲ್ಲ ಅದು. 21 ಸಾವಿರ ಜನ ಹೊರಟಿದ್ರೆ ಅದ್ರಲ್ಲಿ ಸ್ವಲ್ಪನಾದ್ರೂ ಕಾಣ್ಬೇಕಲ್ವಾ.

ಕೋಷ್ಟಕಪುಟ್ಟ:
ಇದೆ, ಮೂರು ಪಾಯಿಂಟ್‌ದು. ಎರಡು ತಿಂಗಳಲ್ಲಿ ಒಳಗೆ ಬಂದೋರು ಸುಮಾರು 9 ಸಾವಿರ, ಹೊರಗೆ ಹೋದೋರು 4 ಸಾವಿರ. ಅಂದ್ರೆ 62,400ಕ್ಕೆ 5 ಸಾವಿರ ಸೇರಿ 67 ಸಾವಿರ ಆಗ್ಬೇಕಿತ್ತು, ಆಗಿದ್ದು 41. ತಲೆ ಕೆಟ್ಟೋಗಿದೆ.

ಶ್ರಾವಣಮೋಡ:
ಹಾಗೆ ಕೂಡಿ ಕಳೆಯೋಕೆ ಹೋಗ್ಬೇಡಿ ಪ್ಲೀಸ್, ಅದು ಬ್ಯಾಂಕ್ ಪಾಸ್‌ಬುಕ್ ಅಲ್ಲ. ಪಾಯಿಂಟಲ್ಲಿ ಎಣಿಸೋದು ಓಡಾಟವನ್ನ, ಜನರನ್ನಲ್ಲ. ಅದೇ ಮನುಷ್ಯ ಬೆಳಿಗ್ಗೆ ಹೋಗಿ ಹೊಲ ನೋಡ್ಕೊಂಡು ಸಂಜೆ ಬಂದ್ರೆ ಎರಡು ಸಲ, ಅಡ್ಡದಾರಿಲಿ ನಡೆದು ಹೋದ್ರೆ ಸೊನ್ನೆ ಸಲ. ರಾತ್ರಿ ಎಣಿಸೋರೇ ಇರಲ್ಲ ಎಷ್ಟೋ ಕಡೆ.

ಇದು ಸಣ್ಣ ಜಿಲ್ಲೆ ಲೆಕ್ಕ ಅಂತಲ್ಲ, ಇಡೀ ಪ್ರಪಂಚದ ಲೆಕ್ಕದಲ್ಲೂ ಹೀಗೇ. ಜಿನೀವಾದಲ್ಲಿ ಆಂತರಿಕ ಸ್ಥಳಾಂತರದ ಲೆಕ್ಕ ಇಡೋ ಐಡಿಎಂಸಿ ಅಂತ ಸಂಸ್ಥೆ ಇದೆ, ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್‌ನವರು 1998ರಲ್ಲಿ ಶುರು ಮಾಡಿದ್ದು. ಅವ್ರ ಪ್ರಕಾರ 2024ರಲ್ಲಿ ಆದ ಆಂತರಿಕ ಸ್ಥಳಾಂತರಗಳು 6.58 ಕೋಟಿ. ಆದ್ರೆ ಊರು ಬಿಟ್ಟು ಇನ್ನೂ ವಾಪಸಾಗದೆ ಇರೋ ಜನ 2023ರ ಕೊನೆಗೆ 7.59 ಕೋಟಿ ಇದ್ದಿದ್ದು 2024ರ ಕೊನೆಗೆ 8.34 ಕೋಟಿ ಆಯ್ತು ಅಷ್ಟೇ, ಅಂದ್ರೆ ಮುಕ್ಕಾಲು ಕೋಟಿ ಹೆಚ್ಚು. ಮಿಕ್ಕಿದ್ದು ಎಲ್ಲಿ ಹೋಯ್ತು ಅಂದ್ರೆ ಚಂಡಮಾರುತ ಬರತ್ತೆ ಅಂತ ಮೊದ್ಲೇ ಜಾಗ ಖಾಲಿ ಮಾಡಿ ನಾಲ್ಕು ದಿನಕ್ಕೆ ವಾಪಸ್ ಬಂದೋರೂ ಆ 6.58ರಲ್ಲಿ ಇದಾರೆ, ಒಂದೇ ವರ್ಷದಲ್ಲಿ ಮೂರು ಸಲ ಓಡಿದ ಸಂಸಾರ ಮೂರು ಸಲವೂ ಲೆಕ್ಕಕ್ಕೆ ಬಿದ್ದಿದೆ. ಒಂದು ಹರಿವು, ಇನ್ನೊಂದು ನಿಂತ ನೀರು. ಫ್ಲೋ ಡೇಟಾದಿಂದ ದಿಕ್ಕು ತಿಳ್ಕೊಳಿ, ಮೊತ್ತ ಬೇಡ. ನಿಮ್ ಕೇಸಲ್ಲಿ ದಿಕ್ಕು ಒಳಮುಖ ಇದೆ, ಹಾಗಾಗಿ ಆ ಇಳಿಕೆ ಮೇಲೆ ನಂಗೂ ಅನುಮಾನವೇ.

ಪಿವಟ್‌ಪ್ರವೀಣ:
ಇದು ಪಿ-ಕೋಡ್, ಅಂದ್ರೆ ಒಂದೊಂದು ಊರು ಜಿಲ್ಲೆಗೆ ಕೊಡೋ ಗುರುತಿನ ಕೋಡ್, ಅದ್ರ ಗಲಾಟೆ ಗುರು, ಕಣ್ಮುಚ್ಚಿ ಹೇಳ್ತೀನಿ. ಊರಿನ ಹೆಸರಿನ ಮೇಲೆ ಜಾಯಿನ್ ಮಾಡಿರ್ತೀಯ. ಸುಡಾನ್‌ದು ಒಂದ್ಸಲ ಮಾಡಕ್ಕೆ ಹೋಗಿ ಅನುಭವಿಸಿದೀನಿ, ಒಂದು ಫೈಲಲ್ಲಿ ಅಲ್ ಜಜೀರಾ, ಇನ್ನೊಂದ್ರಲ್ಲಿ ಅಜ್ ಜಜೀರಾ, ಮತ್ತೊಂದ್ರಲ್ಲಿ ಗೆಜಿರಾ, ಮೂರೂ ಒಂದೇ ರಾಜ್ಯ. ದಕ್ಷಿಣ ಸುಡಾನ್ ಅಂತೂ ಕೇಳ್ಲೇಬೇಡ, ಇದ್ದಿದ್ದು 10 ರಾಜ್ಯ, 2015ರಲ್ಲಿ 28 ಮಾಡಿದ್ರು, 2017ರಲ್ಲಿ 32, 2020ರಲ್ಲಿ ತಿರ್ಗಾ 10. ಹಳೇ ರೌಂಡಿಗೂ ಹೊಸ ರೌಂಡಿಗೂ ಗಡಿಯೇ ಬೇರೆ ಆದ್ರೆ ಜನ ಇದ್ದಲ್ಲೇ ಇದ್ದು ಜಿಲ್ಲೆ ಬದಲಾಗಿರತ್ತೆ.

ಕೋಷ್ಟಕಪುಟ್ಟ:
ಪಿ-ಕೋಡ್ ಮೇಲೇ ಮಾಡಿರೋದು ಅಣ್ಣ. ಎರಡೂ ರೌಂಡಲ್ಲಿ ಕೋಡ್ ಒಂದೇ, ಗಡಿನೂ ಬದಲಾಗಿಲ್ಲ, ಈಗ ಮತ್ತೆ ಚೆಕ್ ಮಾಡ್ದೆ.

ಪಿವಟ್‌ಪ್ರವೀಣ:
ಹಾಗಾದ್ರೆ ಶಿಬಿರದ ಜನ ಒಂದು ರೌಂಡಲ್ಲಿ ಊರಿನ ಲೆಕ್ಕದಲ್ಲೂ ಶಿಬಿರದ ಲೆಕ್ಕದಲ್ಲೂ ಸೇರಿ ಡಬಲ್ ಆಗಿದ್ರಾ ನೋಡು, 12ರಲ್ಲಿ ಅದನ್ನ ಸರಿ ಮಾಡಿರ್ಬೋದು. ಅದೂ ಅಲ್ಲ ಅಂದ್ರೆ ನಂಗೊತ್ತಿಲ್ಲಪ್ಪ.

ಹಳೇಸರ್ವೇಯರ್:
ಕೋಡಿನ ಮಾತು ಆಮ್ಯಾಲ ಆಡೂಣು. ತಮ್ಮಾ, ಮೊದ್ಲ ಮೂರು ಲೆಕ್ಕ ಕೊಡ್ರಿ ನನಗ. 11ನೇದ್ರಾಗ ಆ ಜಿಲ್ಲಾದ ಎಷ್ಟು ಊರು ಅದಾವ, 12ನೇದ್ರಾಗ ಎಷ್ಟು ಅದಾವ. ಕುಟುಂಬಕ್ಕ ಎಷ್ಟು ಮಂದಿ ಅಂತ ಭಾಗಿಸಿದ್ರ ಎರಡೂ ರೌಂಡಿನ್ಯಾಗ ಎಷ್ಟು ಬರತೈತಿ. ಮತ್ತ 12ರಾಗ ಸೊನ್ನಿ ಇರೂ ಊರು ಎಷ್ಟು.

ಕುಟುಂಬದ್ದು ಯಾಕ ಕೇಳಿದೆ ಅಂದ್ರ, ಇವು ತಲಿ ಎಣಿಸಿ ಬರೂ ಲೆಕ್ಕ ಅಲ್ರಿ. ಊರಿನ ಹಿರಿಯಾರು, ಶಾಲಿ ಮಾಸ್ತರು, ಶಿಬಿರ ನೋಡಿಕೊಳ್ಳೂ ಮಂದಿ, ಇಂಥಾ ಇಬ್ಬರು ಮೂವರನ್ನ ಕೇಳಿ ಇಷ್ಟು ಸಂಸಾರ ಅದಾವ ಅಂತ ಬರ್ಕೊಂಡು ಬರ್ತಾರ, ಭಾಳ ಕಡೆ ಆಮ್ಯಾಲ ಅದಕ್ಕ ಸರಾಸರಿ ಕುಟುಂಬದ ಗಾತ್ರ ಗುಣಿಸ್ತಾರ. ಇರಾಕದಾಗ ಡಿಟಿಎಂನವ್ರು ಒಂದು ಸಂಸಾರಕ್ಕ 6 ಮಂದಿ ಅಂತ ಹಿಡೀತಾರ. ಒಂದು ರೌಂಡಿನ್ಯಾಗ 6, ಇನ್ನೊಂದ್ರಾಗ 4 ಹಿಡದ್ರ ಮಂದಿ ಎಲ್ಲೂ ಹೋಗಲಾರದ ಮೂರನೇ ಒಂದು ಪಾಲು ಮಾಯ ಆಗಿಬಿಡತೈತಿ. ನಿಮ್ಮ ಇಳಿಕಿನೂ ಮೂರನೇ ಒಂದು ಪಾಲೇ ಐತಲ್ಲ, ಅದಕ್ಕ ಕೇಳಿದೆ.

ಕೋಷ್ಟಕಪುಟ್ಟ:
ನೋಡ್ದೆ ಸರ್. ಕುಟುಂಬದ ಗಾತ್ರ ಎರಡರಲ್ಲೂ 5.2, ಏನೂ ವ್ಯತ್ಯಾಸ ಇಲ್ಲ. ಊರು ಎರಡೂ ರೌಂಡಲ್ಲಿ 148. ಸೊನ್ನೆ ಇರೋದು 11ರಲ್ಲಿ ಒಂದೂ ಇಲ್ಲ, 12ರಲ್ಲಿ 37. ಅಂದ್ರೆ 37 ಊರಿಂದ ಜನ ಪೂರ್ತಿ ವಾಪಸ್ ಹೋಗಿದಾರೆ ಅಂತ ತಾನೇ?

ಹಳೇಸರ್ವೇಯರ್:
ಅವಸರ ಬ್ಯಾಡ್ರಿ. ಆ ಸೊನ್ನಿ ಅವ್ರು ಕಳಿಸಿದ್ದೋ, ನೀವು ತುಂಬಿದ್ದೋ? ಮೂಲ ಫೈಲ್ ತಗದು ಕಣ್ಣಾರೆ ನೋಡ್ರಿ, ಡ್ಯಾಶ್‌ಬೋರ್ಡಿನ್ಯಾಗ ಅಲ್ಲ.

ಕೋಷ್ಟಕಪುಟ್ಟ:
ಸರ್... ನಾಲ್ಕು ಊರಲ್ಲಿ ಮಾತ್ರ ಸೊನ್ನೆ ಅಂತ ಟೈಪ್ ಆಗಿದೆ. ಮಿಕ್ಕಿದ 33ರಲ್ಲಿ ಸೆಲ್ ಖಾಲಿ. ಅದ್ರ ಪಕ್ಕ ನಾನು ಯಾವತ್ತೂ ತೆರೆದೇ ನೋಡದ ಒಂದು ಕಾಲಂ ಇದೆ, "ತಲುಪಲಾಗಿಲ್ಲ" ಅಂತ ಬರೆದಿದಾರೆ, 19 ಕಡೆ ರಸ್ತೆ, 14 ಕಡೆ ಭದ್ರತೆ. ಆದ್ರೆ ನಾನು ಖಾಲಿ ಜಾಗಕ್ಕೆ ಸೊನ್ನೆ ತುಂಬೋ ಕಮಾಂಡ್ ಕೊಟ್ಟೇ ಇಲ್ಲ, ಆಣೆ.

ಹಳೇಸರ್ವೇಯರ್:
ಸಿಕ್ತು ನೋಡ್ರಿ ಕಳ್ಳ.

ಶ್ರಾವಣಮೋಡ:
ನೀವು ಕೊಡ್ಬೇಕಾಗೇ ಇಲ್ಲ, ಅದೇ ತುಂಬಿಕೊಳ್ಳತ್ತೆ. ಪ್ಯಾಂಡಾಸ್ 0.22ರಿಂದ ಈಚೆಗೆ ಪೂರ್ತಿ ಖಾಲಿ ಇರೋ ಗುಂಪಿನ ಸಮ್ ಕೇಳಿದ್ರೆ ಉತ್ತರ ಖಾಲಿ ಅಂತ ಬರಲ್ಲ, 0 ಅಂತ ಬರತ್ತೆ. ನೀವು ಮೊದ್ಲು ಊರುವಾರು ಗ್ರೂಪ್ ಮಾಡಿ ಆಮೇಲೆ ಜಿಲ್ಲೆಗೆ ಹೋಗಿರ್ಬೇಕು, ಅಲ್ಲೇ ಆಗಿದೆ. ಸಮ್ ಒಳಗೆ ಮಿನ್ ಕೌಂಟ್ ಅಂತ ಒಂದು ಆಯ್ಕೆ ಇದೆ, ಅದಕ್ಕೆ 1 ಕೊಡಿ, ಆಗ ಖಾಲಿ ಖಾಲಿಯಾಗೇ ಉಳಿಯತ್ತೆ. ಆರ್ ಅನ್ನೋ ಅಂಕಿಅಂಶದ ಭಾಷೆ ಬಳಸೋರೂ ನಗ್ಬೇಡಿ, ನಿಮ್ಮಲ್ಲೂ ಎನ್‌ಎ (ಖಾಲಿ ಮೌಲ್ಯ) ಬಿಟ್ಟು ಕೂಡು ಅಂದ್ರೆ ಇದೇ ಗತಿ. ಎಕ್ಸೆಲ್ ಸಮ್ ಕೂಡ ಖಾಲಿ ಸೆಲ್ ಸಾಲಿಗೆ ಬಾಯ್ಮುಚ್ಕೊಂಡು 0 ಕೊಡತ್ತೆ. ಗಣಿತದ ದೃಷ್ಟಿಲಿ ಅವ್ರು ಮಾಡಿದ್ದು ಸರಿಯೇ ಇರ್ಬೋದು, ಆದ್ರೆ ಈ ಕೆಲ್ಸದಲ್ಲಿ "ಯಾರೂ ಇಲ್ಲ" ಅನ್ನೋದಕ್ಕೂ "ಯಾರೂ ಹೋಗಿ ನೋಡಿಲ್ಲ" ಅನ್ನೋದಕ್ಕೂ ಇರೋ ಅಂತರ ಒಂದು ಲಾರಿ ಟಾರ್ಪಾಲ್.

ಇನ್ನೊಂದು ಮಾಡಿ, 12ನೇ ರೌಂಡಲ್ಲಿ ನಿಜವಾಗಿ ಹೋಗಿ ನೋಡಿದ 115 ಊರನ್ನ ಮಾತ್ರ ಎರಡೂ ರೌಂಡಲ್ಲಿ ಹೋಲಿಸಿ.

ಕೋಷ್ಟಕಪುಟ್ಟ:
ಮಾಡ್ದೆ. 115 ಊರಲ್ಲಿ 11ನೇ ರೌಂಡಿಗೆ 40,600, 12ಕ್ಕೆ 41,050. ಇಳಿದೇ ಇಲ್ಲ, 450 ಏರಿದೆ! ಆ 33 ಊರಲ್ಲಿ ಹೋದ ಸಲ ಇದ್ದೋರು 21,800. ಮಾಯ ಆಗಿದ್ದು ಅವ್ರೇ. ಈಗ ಪ್ರಶ್ನೆ ಏನು ಅಂದ್ರೆ ಹೋದ ಸಲದ್ದನ್ನೇ ಈ ಸಲಕ್ಕೂ ಇಳಿಸಿ 62,850 ಅಂತ ತೋರಿಸ್ಲಾ?

ಹಳೇಸರ್ವೇಯರ್:
ಒಂದೇ ಅಂಕಿ ಮಾಡಿ ತೋರಿಸಿದ್ರ ಅದೂ ಸುಳ್ಳೇ, ಸೊನ್ನಿ ಸುಳ್ಳಿಗಿಂತ ಸ್ವಲ್ಪ ಛಲೋ ಸುಳ್ಳು ಅಷ್ಟ. ಎರಡು ಬಣ್ಣ ಮಾಡ್ರಿ. "ಈ ರೌಂಡಿನ್ಯಾಗ ನೋಡಿದ್ದು 41,050" ಒಂದು, ಅದರ ಮ್ಯಾಲ ತೆಳು ಬಣ್ಣದಾಗ "ಹಿಂದಿನ ರೌಂಡಿನ ಲೆಕ್ಕ, ಈ ಸಲ ತಲುಪಿಲ್ಲ, 33 ಊರು, 21,800" ಅಂತ. ಪ್ರತಿ ಊರಿಗೂ ಕಡೀ ಸಲ ಯಾವ ತಾರೀಖಿಗೆ ನೋಡಿದ್ರು ಅನ್ನೂ ಕಾಲಂ ಇಡ್ರಿ. ಎರಡು ರೌಂಡ್ ತಲುಪದಿದ್ರ ಇನ್ನೂ ತೆಳು ಮಾಡ್ರಿ.

ನಾ ಫೀಲ್ಡಿನ್ಯಾಗ ಇದ್ದಾಗ ನೋಡಿದ್ದು ಹೇಳ್ತೀನಿ, ತಲುಪಲಾರದ ಊರು ಅಂದ್ರ ಸಾಮಾನ್ಯವಾಗಿ ಹೆಚ್ಚು ಕಷ್ಟದಾಗ ಇರೂ ಊರೇ. ನಮ್ಮ ಜೀಪು ಹೋಗದಿದ್ದಲ್ಲಿ ಅಕ್ಕಿ ಲಾರಿನೂ ಹೋಗಿರೂದಿಲ್ಲ. ಅಂಥಾ ಊರಿಗೇ ಸೊನ್ನಿ ಬೀಳೂದು ಅಂದ್ರ ನೋಡ್ರಿ ಹೆಂಗೈತಿ.

ಪಿವಟ್‌ಪ್ರವೀಣ:
ಮೊಬೈಲ್ ಟವರ್ ಡೇಟಾ ತಗೊಂಡ್ರೆ ಮುಗೀತಲ್ವಾ? 2010ರ ಹೈಟಿ ಭೂಕಂಪದಲ್ಲಿ, 2015ರಲ್ಲಿ ನೇಪಾಳದಲ್ಲಿ ಸಿಮ್ ಎಲ್ಲೆಲ್ಲಿ ಹೋಯ್ತು ಅಂತ ನೋಡಿ ಜನ ಎತ್ತ ಹೋದ್ರು ಅಂತ ಹೇಳಿದ್ರು, ಹೆಸರು ನಂಬರ್ ಏನೂ ಇಲ್ಲದೆ.

ಶ್ರಾವಣಮೋಡ:
ಹೈಟಿ, ನೇಪಾಳ ಎರಡೂ ಭೂಕಂಪ, ಕಂಪನಿ ಕೊಟ್ಟಿತು. ಯುದ್ಧದಲ್ಲಿ ಅದೇ ಡೇಟಾ ಯಾರ ಕೈಗೆ ಸಿಗತ್ತೆ ಯೋಚ್ನೆ ಮಾಡಿ. ಅದೂ ಅಲ್ದೆ ಮನೆಗೊಂದು ಫೋನು, ಅದೂ ಗಂಡಸಿನ ಜೇಬಲ್ಲಿ, ಟವರ್ ಸುಟ್ಟು ಹೋಗಿದೆ ಅಂದ್ರೆ ಹೆಂಗಸರು ಮಕ್ಕಳು ಲೆಕ್ಕಕ್ಕೇ ಸಿಗಲ್ಲ. ಗುರುವಾರದೊಳಗಂತೂ ಆಗೋ ಮಾತಲ್ಲ. ಅದಕ್ಕಿಂತ ಸುಲಭದ್ದು, ಆ 33 ಊರಲ್ಲಿ ಹೋದ ಸಲ ಮಾಹಿತಿ ಕೊಟ್ಟೋರಿಗೆ ಫೀಲ್ಡ್ ಟೀಮಿಂದಲೇ ಫೋನ್ ಮಾಡಿಸಿ. 2023ರಲ್ಲಿ ಸುಡಾನ್ ಯುದ್ಧ ಶುರುವಾದಾಗ ಡಿಟಿಎಂ ಟೀಮಿನೋರು ದೂರದಿಂದಲೇ ಹೀಗೆ ಮಾತಾಡಿಸಿ ಲೆಕ್ಕ ತಗೊಂಡಿದಾರೆ.

ಮತ್ತೆ ಒಂದು ವಿಷ್ಯ. ಆ ನಾಲ್ಕು ನಿಜವಾದ ಸೊನ್ನೆ ಊರು ಇದ್ಯಲ್ಲ, ಅದನ್ನೂ "ವಾಪಸ್ ಹೋದ್ರು" ಅಂತ ಬರೀಬೇಡಿ. ಹೊರಟರು ಅಂತ ಮಾತ್ರ ಗೊತ್ತು. ಸುಡಾನ್‌ನಲ್ಲಿ 2023ರ ಏಪ್ರಿಲ್ 15ಕ್ಕೆ ಮೊದ್ಲೇ ಸುಮಾರು 38 ಲಕ್ಷ ಜನ ಊರು ಬಿಟ್ಟು ಬೇರೆ ಕಡೆ ಇದ್ರು, ಹೊಸ ಯುದ್ಧ ಬಂದಾಗ ಅವ್ರಲ್ಲಿ ಎಷ್ಟೋ ಜನ ಶಿಬಿರದಿಂದ ಮತ್ತೆ ಓಡಿದ್ರು. ಹಳೇ ಶಿಬಿರದ ಸಾಲಲ್ಲಿ ಸಂಖ್ಯೆ ಇಳಿಯತ್ತೆ, ಆದ್ರೆ ಯಾರೂ ಮನೆ ಸೇರಿರಲ್ಲ.

ಕೋಷ್ಟಕಪುಟ್ಟ:
ಅರ್ಥ ಆಯ್ತು. ಎರಡು ಬಣ್ಣದ ಗ್ರಾಫ್ ಮಾಡಿ ಮ್ಯಾನೇಜರಿಗೆ ಕಳ್ಸಿದೆ, ಜೊತೆಗೆ ಮೇಲ್ಗಡೆ ದಪ್ಪಕ್ಷರದಲ್ಲಿ "ಇಳಿಕೆ ಅಲ್ಲ, ಭೇಟಿ ಕೊಟ್ಟಿಲ್ಲ" ಅಂತ. ಮೊದ್ಲು ಸ್ವಲ್ಪ ಸಿಡುಕಿದ್ರು, ನಿನ್ನೆ ಗ್ರಾಫೇ ತೋರಿಸಿದ್ದು ನೀನೇ ತಾನೇ ಅಂತ. ಹೌದು ನಾನೇ, ಏನ್ಮಾಡೋದು. ಲೋಡ್ ಗೋಡೌನಲ್ಲೇ ನಿಂತಿದೆ, ಫೀಲ್ಡ್ ಟೀಮ್ ಫೋನ್ ಮಾಡ್ತಿದಾರೆ.

ಕೋಷ್ಟಕಪುಟ್ಟ:
ಗುರುವಾರದ ಅಪ್‌ಡೇಟ್: 33ರಲ್ಲಿ 12 ಊರಿಗೆ ಫೋನ್ ಸಿಕ್ತು. 10 ಕಡೆ ಜನ ಅಲ್ಲೇ ಇದಾರೆ, ಎರಡು ಕಡೆ ಹೊಸಬರೂ ಬಂದು ಸೇರಿದಾರಂತೆ, ಇಬ್ಬರು ಮಾತ್ರ ನಮ್ಮೂರಲ್ಲಿ ಈಗ ಯಾರೂ ಉಳಿದಿಲ್ಲ ಅಂದ್ರು. ಲೋಡ್ ಮೊದಲಿನ ಜಿಲ್ಲೆಗೇ ಹೊರಟಿದೆ. ಮಿನ್ ಕೌಂಟ್ 1 ಮಾಡಿದೀನಿ, ಅದ್ರ ಮೇಲೆ ಖಾಲಿ ಸೆಲ್ ಶೇಕಡಾ 5 ದಾಟಿದ್ರೆ ಗ್ರಾಫೇ ಬರದ ಹಾಗೆ ಒಂದು ತಡೆನೂ ಹಾಕಿದೀನಿ. ಆ ಯಾರೂ ಉಳಿದಿಲ್ಲದ ಎರಡು ಊರು, ಟೈಪ್ ಆದ ಸೊನ್ನೆಯ ನಾಲ್ಕು, ಒಟ್ಟು ಆರು ಊರಿನೋರು ಎಲ್ಲಿಗೆ ಹೋದ್ರು ಅಂತ ಹೇಗೆ ಹುಡುಕೋದು ಸರ್?

ಹಳೇಸರ್ವೇಯರ್:
ನಿಮ್ಮ ಜಿಲ್ಲಾದ ಶೀಟ್ ಮುಚ್ಚಿ ಸುತ್ತಲಿನ ಜಿಲ್ಲಾದ್ದು ತಗೀರಿ. ಅದ್ರಾಗ ಹೊಸದಾಗಿ ಬಂದವ್ರು "ಯಾವ ಜಿಲ್ಲಾದಿಂದ" ಅನ್ನೂ ಕಾಲಂ ಇರತೈತಿ, ಆದ್ರ ಅಲ್ಲಿ ಭಾಳ ಸಲ ಮಂದಿ ತಮ್ಮ ಹುಟ್ಟೂರ ಹೆಸರು ಹೇಳ್ತಾರ, ನಡುವ ಕೂತಿದ್ದ ಶಿಬಿರದ್ದಲ್ಲ. "ಎಷ್ಟನೇ ಸಲ ಊರು ಬಿಟ್ರಿ" ಅನ್ನೂ ಪ್ರಶ್ನಿ ಫಾರ್ಮಿನ್ಯಾಗ ಐತಿ ಏನು ನೋಡ್ರಿ, ಇದ್ರ ಎರಡು ಮತ್ತ ಮ್ಯಾಲಿನವ್ರನ್ನ ಅಷ್ಟ ಫಿಲ್ಟರ್ ಮಾಡ್ರಿ. ಇಲ್ಲಂದ್ರ 13ನೇ ರೌಂಡಿನ ಫಾರ್ಮ್ ಪ್ರಿಂಟಿಗೆ ಹೋಗೂಕಿಂತ ಮೊದ್ಲ ಅದನ್ನ ಸೇರಿಸ್ರಿ ಅಂತ ಇವತ್ತ ಒಂದು ಮೇಲ್ ಹಾಕ್ರಿ.