ಸಹಾಯ ಬೇಕು: ಅಪ್ಪನ ಪದ್ಮಿನಿಗೆ ಟ್ಯಾಂಕಿನಿಂದ ಪೆಟ್ರೋಲ್ ಏರುತ್ತಿಲ್ಲ

ನಮಸ್ಕಾರ, ಮಂಡ್ಯದಿಂದ ಬರೆಯುತ್ತಿದ್ದೇನೆ. ರಿಟೈರ್ ಆದ ಮೇಲೆ ಸುಮ್ನೆ ಕೂರುವುದು ಬೇಡ ಅಂತ ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರಿಗೆ ಕೈ ಹಾಕಿದೆ. 1089 ಸಿಸಿ ಎಂಜಿನ್. ಊರಿನ ಕೊಟ್ಟಿಗೆ ಪಕ್ಕ 18 ವರ್ಷ ನಿಂತಿತ್ತು. ಸೀಟಿನ ಕೆಳಗೆ ಇಲಿ ಗೂಡು, ಅದರೊಳಗೆ ಅಪ್ಪನ ಕಬ್ಬಿನ ತೂಕದ ಚೀಟಿ ಅರ್ಧ ಉಳಿದಿತ್ತು!

ಪ್ಲಗ್, ಪಾಯಿಂಟ್, ಕಂಡೆನ್ಸರ್ ಹೊಸದು, ಕಿಡಿ ಚೆನ್ನಾಗಿದೆ. ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಬಿಚ್ಚಿ ತೊಳೆದೆ. ಪೆಟ್ರೋಲ್ ಬಾಟಲಿ ಮೇಲೆ ನೇತುಹಾಕಿ ಪೈಪನ್ನು ನೇರ ಕಾರ್ಬುರೇಟರ್‌ಗೆ ಕೊಟ್ಟರೆ (ಮನೆಯವರು ಬೈದಿದ್ದು ಬೇರೆ) ಎಂಜಿನ್ ಆರಾಮಾಗಿ ಓಡುತ್ತದೆ, ಆದರೆ ಟ್ಯಾಂಕಿನ ಲೈನ್ ಸಿಕ್ಕಿಸಿದರೆ ಒಂದೇ ನಿಮಿಷಕ್ಕೆ ಕೆಮ್ಮಿ ನಿಲ್ಲುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿದೆ, ಲೈನ್‌ಗೆ ಗಾಳಿ ಹೊಡೆಸಿದೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಹೊಸ ಡಯಾಫ್ರಾಮ್ (ಒಳಗಿನ ಪೊರೆ) ಕಿಟ್ ಹಾಕಿಸಿದೆ.

ಗೊಂದಲ ಇಲ್ಲೇ. ಪಂಪ್ ಕೂರಿಸುವಾಗ ಮೆಕ್ಯಾನಿಕ್ ಎಂಜಿನ್‌ಗೂ ಪಂಪಿಗೂ ನಡುವೆ ಹಳೆಯದಕ್ಕಿಂತ ದಪ್ಪ ಗ್ಯಾಸ್ಕೆಟ್ (ಸೋರದಂತೆ ಇಡುವ ಪಟ್ಟಿ) ಹಾಕಿದರು, 'ಏನೂ ಆಗಲ್ಲ ಸಾರ್' ಅಂದರು. ದಪ್ಪ ಜಾಸ್ತಿಯಾದರೆ ಪಂಪ್ ದೂರ ಸರಿದು ಅದಕ್ಕೆ ಎಂಜಿನ್ ಕೊಡುವ ಒತ್ತು ಪೂರ್ತಿ ಸಿಗಲ್ಲ ಅಲ್ವಾ? ಇಲ್ಲಾ ಹಳೇ ರಬ್ಬರ್ ಪೈಪ್ ಎಲ್ಲೋ ಗಾಳಿ ಎಳೆಯುತ್ತಿದೆಯಾ?

ಟ್ಯಾಂಕ್ ಮತ್ತೆ ಇಳಿಸದೆ ಇವೆರಡರಲ್ಲಿ ಯಾವುದು ಅಂತ ಪತ್ತೆ ಮಾಡುವುದು ಹೇಗೆ? ಪದ್ಮಿನಿ ಕೆಲಸ ಮಾಡಿದವರು ದಯವಿಟ್ಟು ಹೇಳಿ.