ಪೀಣ್ಯದ ಕಂಪನಿಗೆ ಜರ್ಮನ್ ಎಂಜಿನಿಯರ್: ಎಂಪ್ಲಾಯ್‌ಮೆಂಟ್ ವೀಸಾಗೆ ಏನೇನು ಬೇಕು?

ಕೇಳಿದವರು: ಪೀಣ್ಯದಲ್ಲಿ 40 ಜನರ ಟೂಲಿಂಗ್ ಕಂಪನಿ. ಜರ್ಮನಿಯ ಡೈ (ಅಚ್ಚು) ಡಿಸೈನ್ ಎಂಜಿನಿಯರ್ ಒಬ್ಬರನ್ನು 2 ವರ್ಷಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ಸಂಬಳ ವರ್ಷಕ್ಕೆ 15 ಲಕ್ಷ, ಜೊತೆಗೆ ತಿಂಗಳಿಗೆ 30,000 ಬಾಡಿಗೆಯ ಮನೆ ಕಂಪನಿ ಕಡೆಯಿಂದ. ಸದ್ಯ ಅವರು ಬಿಸಿನೆಸ್ ವೀಸಾದ ಮೇಲೆ ಇಲ್ಲೇ ಇದ್ದಾರೆ. ಇಲ್ಲಿಂದಲೇ ಬದಲಾಯಿಸಬಹುದಾ? ಹೆಂಡತಿಯೂ ಬರುವವರಿದ್ದಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ವೀಸಾ ಫೈಲ್ ನೋಡಿಕೊಳ್ಳುವವರು: ಮೊದಲು ಅವರನ್ನು ಊರಿಗೆ ಕಳಿಸಿ ಸರ್. ನೀವು ಹೇಳಿದಂಥ ಸಂದರ್ಭದಲ್ಲಿ ಬಿಸಿನೆಸ್ ವೀಸಾ ಇಲ್ಲೇ ಎಂಪ್ಲಾಯ್‌ಮೆಂಟ್ ವೀಸಾ ಆಗುವುದಿಲ್ಲ. ಅರ್ಜಿಯನ್ನು ಸ್ವಂತ ದೇಶದಲ್ಲೇ ಹಾಕಬೇಕು, ಇಲ್ಲವೇ 2 ವರ್ಷಕ್ಕಿಂತ ಹೆಚ್ಚು ಕಾಲ ಕಾಯಂ ನೆಲೆಸಿರುವ ದೇಶದಲ್ಲಿ. ಅಲ್ಲಿಯವರೆಗೆ ಮೀಟಿಂಗ್, ಮಾತುಕತೆ ಸರಿ. ಶಾಪ್ ಫ್ಲೋರಿನಲ್ಲಿ ನಿಂತು ದಿನವೂ ಕೆಲಸ ಮಾಡಿಸುವುದು, ಸಂಬಳದ ಪಟ್ಟಿಗೆ ಹೆಸರು ಸೇರಿಸುವುದು ಬೇಡ.

ಸಂಬಳದ ಮಿತಿ ವರ್ಷಕ್ಕೆ 16.25 ಲಕ್ಷ; ಅದಕ್ಕಿಂತ ಮೇಲಿರಬೇಕು. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಅನುವಾದಕರು, ರಾಯಭಾರ ಕಚೇರಿಯ ಸಿಬ್ಬಂದಿ, ಇಂಥ ಕೆಲವರಿಗೆ ವಿನಾಯಿತಿ ಇದೆ. ಎಂಜಿನಿಯರ್‌ಗೆ ಇಲ್ಲ.

ಇನ್ನು ಸಮರ್ಥನೆಯ ಪತ್ರ. ಆ ಕೆಲಸಕ್ಕೆ ಅರ್ಹ ಭಾರತೀಯರು ಸಿಗುವಂತಿದ್ದರೆ ವೀಸಾ ಕೊಡಬಾರದು ಅನ್ನುವುದೇ ನಿಯಮ. ಹಾಗಾಗಿ "ಒಳ್ಳೆಯ ಅನುಭವಿ" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಯಾವ ಬಗೆಯ ಡೈ, ಯಾವ ಸಾಫ್ಟ್‌ವೇರ್, ಅದರಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದಾರೆ, ನಿಮ್ಮಲ್ಲಿ ಯಾರಿಗೆ ಏನು ಕಲಿಸುತ್ತಾರೆ ಎಂದು ಬಿಡಿಬಿಡಿಯಾಗಿ ಬರೆಯಿರಿ. ಜೊತೆಗೆ ಕಂಪನಿಯ ನೋಂದಣಿ ಪತ್ರ, ಸಹಿಯಾದ ಕರಾರು, ಡಿಗ್ರಿ ಸರ್ಟಿಫಿಕೇಟ್, ರೆಸ್ಯೂಮೆ, ಅವರ ನಡತೆಗೂ ವಾಪಸ್ ಕಳಿಸುವುದಕ್ಕೂ ಹೊಣೆ ನಮ್ಮದು ಎನ್ನುವ ಮುಚ್ಚಳಿಕೆ.

ಕಂಪನಿ ಹೆಸರು ಎಲ್ಲ ಕಾಗದದಲ್ಲೂ ನೋಂದಣಿ ಪತ್ರದಲ್ಲಿ ಇರುವ ಹಾಗೇ ಇರಲಿ. ವೀಸಾ ಮೇಲೆ ನಿಮ್ಮ ಕಂಪನಿಯ ಹೆಸರೇ ಅಚ್ಚಾಗುತ್ತದೆ. ಮುಂದೆ ಎಲ್ಲ ಕಡೆ ಅದನ್ನೇ ತಾಳೆ ನೋಡುತ್ತಾರೆ.

ತೆರಿಗೆ, ಪೇರೋಲ್ ನೋಡುವವರು: ಸಂಬಳದ ಲೆಕ್ಕದಲ್ಲಿ ನೀವು ಎಡವುವ ಸಾಧ್ಯತೆ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 15 ಲಕ್ಷಕ್ಕೆ ಬಾಡಿಗೆ 3.6 ಲಕ್ಷ ಸೇರಿಸಿ 18.6 ಆಯಿತು ಅಂದುಕೊಂಡಿರಬಹುದು. ಹಾಗಲ್ಲ. ಮನೆಯ ಸೌಲಭ್ಯ ಆದಾಯ ತೆರಿಗೆಗೆ ಎಷ್ಟು ಲೆಕ್ಕವಾಗುತ್ತದೋ ಅಷ್ಟನ್ನೇ ಇಲ್ಲೂ ಸೇರಿಸಬೇಕು. ಕಂಪನಿ ಬಾಡಿಗೆಗೆ ಹಿಡಿದ ಮನೆಯಾದರೆ ಸಂಬಳದ ಶೇ. 10 ಅಥವಾ ಕೊಟ್ಟ ಬಾಡಿಗೆ, ಎರಡರಲ್ಲಿ ಕಡಿಮೆ ಇರುವುದು. ನಿಮಗೆ ಅದು 1.5 ಲಕ್ಷ. ಒಟ್ಟು 16.5 ಲಕ್ಷ. ಮಿತಿಗಿಂತ ಬರೀ 25,000 ಮೇಲೆ. ಯಾವುದೋ ಒಂದು ಭತ್ಯೆಯನ್ನು ಲೆಕ್ಕದಿಂದ ತೆಗೆದರೆ ಅದೂ ಹೋಯಿತು. ನನ್ನ ಮಾತು ಕೇಳಿದರೆ ನಗದು ಸಂಬಳವನ್ನೇ 17 ಲಕ್ಷ ಮಾಡಿ.

ಸಿಟಿಸಿ (ನೌಕರರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಲೆಕ್ಕವಂತೂ ಬೇಡವೇ ಬೇಡ. ಮಾಲೀಕರ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ 16.5 ತೋರಿಸಿದರೆ ನಿಜವಾದ ಸಂಬಳ ಮಿತಿಯ ಕೆಳಗೇ ಉಳಿಯುತ್ತದೆ. ಕರಾರಿನಲ್ಲಿ ನಗದು ಎಷ್ಟು, ಮನೆಯಂಥ ಸೌಲಭ್ಯದ ಬೆಲೆ ಎಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ರೂಪಾಯಿ ಹಾಕಿ ಬರೆಯಬೇಕು.

ಪಿಎಫ್ ಕೂಡ ನೋಡಿಕೊಳ್ಳಿ. ವಿದೇಶಿ ನೌಕರರಿಗೆ ತಿಂಗಳಿಗೆ 15,000ದ ಮಿತಿ ಇಲ್ಲದೆ ಪೂರ್ತಿ ವೇತನದ ಮೇಲೆ ಕಟ್ಟಬೇಕೆಂಬ ನಿಯಮ 2008ರಲ್ಲಿ ಬಂತು. ಪಿಎಫ್ ವೇತನ ವರ್ಷಕ್ಕೆ 10 ಲಕ್ಷವಾದರೆ ಕಂಪನಿಯದೂ ನೌಕರರದೂ ತಲಾ 1.2 ಲಕ್ಷ. ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಈ ನಿಯಮ ಅಸಾಂವಿಧಾನಿಕ ಎಂದಿತು. ಆ ತೀರ್ಪನ್ನು ನಂಬಿ ನೀವಾಗಿಯೇ ಕಟ್ಟುವುದನ್ನು ಬಿಡಬೇಡಿ, ಪಿಎಫ್ ಕನ್ಸಲ್ಟೆಂಟ್ ಹತ್ತಿರ ಇವತ್ತಿನ ಸ್ಥಿತಿ ಕೇಳಿ. ಜರ್ಮನಿಯ ಸರ್ಟಿಫಿಕೇಟ್ ಆಫ್ ಕವರೇಜ್ (ಅಲ್ಲಿಯ ಸಾಮಾಜಿಕ ಭದ್ರತೆಯಲ್ಲೇ ಇದ್ದಾರೆ ಎನ್ನುವ ಪತ್ರ) ತಂದರೆ ವಿನಾಯಿತಿ ಸಿಗುತ್ತದೆ ಎಂದು ಯಾರಾದರೂ ಹೇಳಿಯಾರು. ಅದು ಅಲ್ಲಿಯ ಕಂಪನಿ ಇಲ್ಲಿಗೆ ಕಳಿಸಿದವರಿಗೆ; ನೀವೇ ನೇರವಾಗಿ ನೇಮಿಸಿಕೊಂಡವರಿಗಲ್ಲ. ಜರ್ಮನಿಯ ಜೊತೆ ಸಾಮಾಜಿಕ ಭದ್ರತಾ ಒಪ್ಪಂದ ಇರುವುದರಿಂದ ಕೆಲಸ ಬಿಟ್ಟಮೇಲೆ ಹಣ ತೆಗೆಯಬಹುದು. ಒಪ್ಪಂದ ಇಲ್ಲದ ದೇಶದವರು 58 ತುಂಬುವವರೆಗೆ ಕಾಯಬೇಕು.

ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಕೆಲಸ ಮಾಡಿಸುವವರು: ವೀಸಾ ಅವಧಿ ಕೊಟ್ಟ ದಿನದಿಂದ ಓಡುತ್ತದೆ, ಬಂದಿಳಿದ ದಿನದಿಂದಲ್ಲ. ಆದರೆ ಈ ಕಚೇರಿಯಲ್ಲಿ ನೋಂದಣಿ ಮಾಡಿಸಲು ಇರುವ 14 ದಿನ ಬಂದಿಳಿದ ದಿನದಿಂದ. 180 ದಿನಕ್ಕೂ ಮೀರಿದ ವೀಸಾ ಆದ್ದರಿಂದ ನೋಂದಣಿ ಕಡ್ಡಾಯ.

ಎಲ್ಲ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲೇ. ಕರೆದರೆ ಮಾತ್ರ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದ 5ನೇ ಮಹಡಿಗೆ ಹೋಗಬೇಕು. ಫೈಲ್ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಮನೆ ವಿಳಾಸದ ಹತ್ತಿರ. ವಿದೇಶಿಯರು ಇಲ್ಲಿ ತಂಗಿದ್ದಾರೆ ಎಂದು ತಿಳಿಸುವ, ಎಲ್ಲರೂ ಫಾರ್ಮ್ ಸಿ ಎಂದು ಕರೆಯುವ ವರದಿಯನ್ನು ಮನೆ ಮಾಲೀಕರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಹಾಕಬೇಕು. ಹೋಟೆಲಿನವರಿಗೆ ಇದು ದಿನದ ಕೆಲಸ. ಮನೆ ಮಾಲೀಕರಲ್ಲಿ ಎಷ್ಟೋ ಜನ ಹೆಸರೇ ಕೇಳಿರುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆಯೇ ಈ ಮಾತು ಆಡಿ, ಬಾಡಿಗೆ ಕರಾರಿನಲ್ಲೂ ಒಂದು ಸಾಲು ಬರೆಸಿ. ಪಾಸ್‌ಪೋರ್ಟ್, ವೀಸಾ ಜೊತೆ ಇಮಿಗ್ರೇಷನ್ ಮುದ್ರೆಯ ಪುಟವನ್ನೂ ಸ್ಕ್ಯಾನ್ ಮಾಡಿ. ಮುದ್ರೆಯ ದಿನಾಂಕ ಮಸುಕಾಗಿದ್ದರೆ ಪ್ರಶ್ನೆ ಬರುತ್ತದೆ.

2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಹಾಗಾಗಿ ಯಾರದೋ ಹಳೆಯ ಫೈಲ್ ನೋಡಿ ನಮೂನೆ ನಕಲು ಮಾಡಬೇಡಿ.

ಕೇಳಿದವರು: ಹೆಂಡತಿಯ ವೀಸಾ?

ವೀಸಾ ಫೈಲ್ ನೋಡಿಕೊಳ್ಳುವವರು: ಎಂಟ್ರಿ ವೀಸಾ, ಅಂದರೆ ಎಕ್ಸ್. ಗಂಡನ ವೀಸಾ ಮುಗಿಯುವಾಗಲೇ ಅದೂ ಮುಗಿಯುತ್ತದೆ, ಅದರಲ್ಲಿ ಕೆಲಸ ಮಾಡುವಂತಿಲ್ಲ. ಅವರದೂ ಪ್ರತ್ಯೇಕ ನೋಂದಣಿ. ಮದುವೆ ಪ್ರಮಾಣಪತ್ರ ಜರ್ಮನ್ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದ ಅಲ್ಲಿಂದಲೇ ಮಾಡಿಸಿಕೊಂಡು ಬರಲಿ.

2 ವರ್ಷದ ಕರಾರಿಗೆ ಮೊದಲ ಸಲ ಒಂದೇ ವರ್ಷದ ವೀಸಾ ಕೊಡುವುದೂ ಉಂಟು. ಹಾಗಾದರೆ ಇಲ್ಲೇ ಎಫ್‌ಆರ್‌ಆರ್‌ಒದಲ್ಲಿ ವಿಸ್ತರಣೆ. ಒಟ್ಟು 5 ವರ್ಷದವರೆಗೆ ಆಗುತ್ತದೆ. ಆಗ ಸಂಬಳದಲ್ಲಿ ತೆರಿಗೆ ಹಿಡಿದ ಪ್ರಮಾಣಪತ್ರ, ತೆರಿಗೆ ಕಟ್ಟಿದ ದಾಖಲೆ ನೋಡುತ್ತಾರೆ. ಕರಾರಿನಲ್ಲಿ 17 ಲಕ್ಷ ಬರೆದು ಬ್ಯಾಂಕಿಗೆ 15 ಹಾಕಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಮಧ್ಯದಲ್ಲಿ ಕೆಲಸ ಬಿಟ್ಟರೆ ಎಫ್‌ಆರ್‌ಆರ್‌ಒಗೆ ಕೂಡಲೇ ತಿಳಿಸಿ. ಅದೇ ವೀಸಾದಲ್ಲಿ ಅವರು ಪಕ್ಕದ ಶೆಡ್ಡಿನ ಕಂಪನಿಗೆ ಸೇರುವಂತಿಲ್ಲ. ಒಂದೇ ಹೋಲ್ಡಿಂಗ್ (ಒಡೆತನದ) ಕಂಪನಿ ಮತ್ತು ಅದರ ಅಂಗ ಕಂಪನಿಗಳ ಒಳಗಿನ ಬದಲಾವಣೆಗೆ ಮಾತ್ರ ಅವಕಾಶ, ಅದಕ್ಕೂ ಅನುಮತಿ ಬೇಕು.